ಬಾರ್ಡರ್‌ನಲ್ಲಿ ನಿಂತವರ ಲೆಕ್ಕ

"ಶುಗರ್ ಬಾರ್ಡರ್‌ನಲ್ಲಿದೆ" ಎಂಬ ಮಾತು ಕೇಳದ ಮನೆ ಈಗ ನಮ್ಮಲ್ಲಿ ಕಡಿಮೆ. ಲ್ಯಾಬ್ ರಿಪೋರ್ಟಿನಲ್ಲಿ ಖಾಲಿ ಹೊಟ್ಟೆಯ ಸಕ್ಕರೆ 112 ಎಂದೋ 118 ಎಂದೋ ಬಂದಿರುತ್ತದೆ. ಕಾಯಿಲೆ ಎನ್ನಲು 126 ಮುಟ್ಟಬೇಕು, ಸರಿಯಾಗಿದೆ ಎನ್ನಲು 100ರ ಕೆಳಗಿರಬೇಕು; ಇದು ನಡುವೆ ಎಲ್ಲೋ ನಿಂತಿದೆ. ಡಾಕ್ಟರು ರಿಪೋರ್ಟ್ ಮಡಚಿ ಕೊಡುತ್ತಾ, "ಮಾತ್ರೆ ಈಗಲೇ ಬೇಡ. ಸ್ವಲ್ಪ ತೂಕ ಇಳಿಸಿ, ಅನ್ನ ಕಡಿಮೆ ಮಾಡಿ, ವಾಕಿಂಗ್ ಶುರು ಮಾಡಿ. ಆರು ತಿಂಗಳು ಬಿಟ್ಟು ನೋಡೋಣ" ಎನ್ನುತ್ತಾರೆ.

ಆ ಸಂಜೆಯೇ ಹೊಸ ಶೂ ಬರುತ್ತದೆ. ಕಾಫಿಗೆ ಸಕ್ಕರೆ ನಿಲ್ಲುತ್ತದೆ, ರಾತ್ರಿ ಅನ್ನದ ಜಾಗಕ್ಕೆ ಚಪಾತಿ ಬರುತ್ತದೆ. ಹದಿನೈದು ದಿನ ಮನೆಮಂದಿಗೆಲ್ಲ ಉತ್ಸಾಹ. ಆಮೇಲೆ ಒಂದು ಮದುವೆ, ಒಂದು ವಾರದ ಜಡಿಮಳೆ, ಮಾರ್ಚ್ ತಿಂಗಳ ಆಡಿಟ್. ಆರು ತಿಂಗಳ ನಂತರ ರಿಪೋರ್ಟ್ ನೋಡಲು ಹೆದರಿ ಕೆಲವರು ಲ್ಯಾಬಿನ ಕಡೆಗೇ ಹೋಗುವುದಿಲ್ಲ. "ಮನಸ್ಸು ಗಟ್ಟಿ ಇಲ್ಲ" ಎಂದು ಮನೆಯವರು ಬೈಯುತ್ತಾರೆ; ಬೈಸಿಕೊಂಡವರೂ ಹೌದೆಂದು ತಲೆಯಾಡಿಸುತ್ತಾರೆ.

ಅಷ್ಟು ಬೇಗ ತಲೆಯಾಡಿಸಬೇಕಾಗಿಲ್ಲ. ಬಾರ್ಡರ್‌ನಲ್ಲಿ ನಿಂತವರು ತಮ್ಮ ದಿನಚರಿ ಬದಲಿಸಿಕೊಂಡು ಕಾಯಿಲೆಯನ್ನು ತಡೆಯಬಲ್ಲರೇ ಎಂಬುದನ್ನು ಅಮೆರಿಕ, ಫಿನ್ಲೆಂಡ್, ಚೀನಾ ಮತ್ತು ನಮ್ಮ ಪಕ್ಕದ ಚೆನ್ನೈನಲ್ಲಿ ವರ್ಷಗಟ್ಟಲೆ ಪರೀಕ್ಷಿಸಿ ನೋಡಿದ್ದಾರೆ. ಮನುಷ್ಯ ತನ್ನನ್ನು ತಾನು ಬದಲಿಸಿಕೊಳ್ಳುವ ಬಗ್ಗೆ ಪುಸ್ತಕದಂಗಡಿಯ ಒಂದು ಗೋಡೆ ತುಂಬುವಷ್ಟು ಪುಸ್ತಕಗಳಿವೆ. ಅವುಗಳಲ್ಲಿ ಹೆಚ್ಚಿನವುಗಳಿಗಿಂತ ಈ ಪರೀಕ್ಷೆಗಳ ಮೇಲೆ ನನಗೆ ನಂಬಿಕೆ. ಇಲ್ಲಿ ಬದಲಾವಣೆ ಆಯಿತೋ ಇಲ್ಲವೋ ಎಂದು ಹೇಳುವುದು ರಕ್ತಪರೀಕ್ಷೆ. ಬದಲಾದವರ ಸ್ವಂತ ಮಾತಲ್ಲ.

ಸಲಹೆ ಸೋತ ಕಡೆ

ಅಮೆರಿಕದ ಪರೀಕ್ಷೆ ದೊಡ್ಡದು. 27 ಕೇಂದ್ರಗಳಲ್ಲಿ ಬಾರ್ಡರ್‌ನಲ್ಲಿದ್ದ 3,234 ಮಂದಿಯನ್ನು ಆರಿಸಿ, ಮೂರು ಗುಂಪು ಮಾಡಿದರು. ಸರಾಸರಿ ವಯಸ್ಸು 51, ಎಲ್ಲರೂ ತೂಕದವರೇ. ಒಂದು ಗುಂಪಿಗೆ ಮೆಟ್‌ಫಾರ್ಮಿನ್ ಮಾತ್ರೆ. ಇನ್ನೊಂದಕ್ಕೆ ಔಷಧವಿಲ್ಲದ ಹುಸಿ ಮಾತ್ರೆ. ಮೂರನೆಯದಕ್ಕೆ ಮಾತ್ರೆಯೇ ಇಲ್ಲ, ಎರಡು ಗುರಿಗಳು: ಈಗಿರುವ ತೂಕದಲ್ಲಿ ಶೇ. 7ರಷ್ಟು ಇಳಿಸುವುದು, ವಾರಕ್ಕೆ 150 ನಿಮಿಷ ಬಿರುಸು ನಡಿಗೆ ಅಥವಾ ಅದಕ್ಕೆ ಸಮನಾದ ದಣಿವು.

2002ರಲ್ಲಿ ಫಲಿತಾಂಶ ಪ್ರಕಟವಾಯಿತು. ಹುಸಿ ಮಾತ್ರೆಯವರಲ್ಲಿ ವರ್ಷಕ್ಕೆ ನೂರಕ್ಕೆ 11 ಮಂದಿ ಸಕ್ಕರೆ ಕಾಯಿಲೆಗೆ ಜಾರುತ್ತಿದ್ದರು. ಮೆಟ್‌ಫಾರ್ಮಿನ್‌ನವರಲ್ಲಿ ಅದು 7.8. ಗುರಿ ಹಿಡಿದವರಲ್ಲಿ 4.8. ಅಂದರೆ ಮಾತ್ರೆ ಅಪಾಯವನ್ನು ಶೇ. 31 ತಗ್ಗಿಸಿದರೆ, ಗುರಿ ಶೇ. 58 ತಗ್ಗಿಸಿತು. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ ಪರೀಕ್ಷೆಯನ್ನು ಒಂದು ವರ್ಷ ಮೊದಲೇ ನಿಲ್ಲಿಸಿದರು.

ಈ ಅಂಕಿಗಳು ಪತ್ರಿಕೆಗಳಲ್ಲಿ ಬೇಕಾದಷ್ಟು ಸಲ ಬಂದಿವೆ. ಎಲ್ಲರೂ ಹಾರಿಸಿಬಿಡುವ ಒಂದು ವಿವರ ಬೇರೆ ಇದೆ. ಹುಸಿ ಮಾತ್ರೆಯ ಗುಂಪನ್ನು ಸುಮ್ಮನೆ ಬಿಟ್ಟಿರಲಿಲ್ಲ. ಅವರಿಗೂ ಬರವಣಿಗೆಯಲ್ಲಿ ಸಲಹೆ ಕೊಟ್ಟಿದ್ದರು. ವರ್ಷಕ್ಕೊಮ್ಮೆ ಇಪ್ಪತ್ತು ಮೂವತ್ತು ನಿಮಿಷ ಕೂರಿಸಿಕೊಂಡು ಆಹಾರ, ತೂಕ, ವ್ಯಾಯಾಮದ ಮಹತ್ವವನ್ನು ವಿವರಿಸಿದ್ದರು. ನಮ್ಮ ಕ್ಲಿನಿಕ್‌ಗಳಲ್ಲಿ ಎರಡು ನಿಮಿಷದಲ್ಲಿ ಸಿಗುವ ಮಾತು ಅಲ್ಲಿ ಅರ್ಧ ಗಂಟೆ ಸಿಕ್ಕಿತ್ತು. ಆದರೂ ಸೋತದ್ದು ಅದೇ ಗುಂಪು. ಮೂರನೆಯ ಗುಂಪಿಗೆ ಹೇಳಿದ್ದೇನೂ ಹೊಸದಲ್ಲ: ತೂಕ ಇಳಿಸಿ, ನಡೆಯಿರಿ. ಬೇರೆಯಾಗಿದ್ದದ್ದು ಎಷ್ಟು, ಯಾವಾಗ, ಯಾರೆದುರು ಎಂಬುದು.

ಎಷ್ಟು ಎಂಬುದನ್ನೇ ನೋಡಿ. ಶೇ. 7 ಎಂದರೆ 80 ಕೆ.ಜಿ. ತೂಗುವವರಿಗೆ ಐದೂವರೆ ಕೆ.ಜಿ.ಗಿಂತ ತುಸು ಹೆಚ್ಚು. ಹಾಗೆ ಇಳಿದವರನ್ನು ಮದುವೆಮನೆಯಲ್ಲಿ ಕಂಡರೆ ಯಾರೂ "ಎಷ್ಟು ಇಳಿದುಬಿಟ್ರಿ!" ಎನ್ನುವುದಿಲ್ಲ. ಕಾಲೇಜು ದಿನಗಳ ಪ್ಯಾಂಟೂ ಏರುವುದಿಲ್ಲ. ಆದರೆ ರಕ್ತಕ್ಕೆ ಅದು ಗೊತ್ತಾಗುತ್ತದೆ: ಇದೇ ಪರೀಕ್ಷೆಯ ಅಂಕಿಗಳನ್ನು ಮತ್ತೆ ಜಾಲಾಡಿದಾಗ, ಇಳಿದ ಒಂದೊಂದು ಕೆ.ಜಿ.ಗೂ ಅಪಾಯ ಸುಮಾರು ಶೇ. 16 ಕಡಿಮೆಯಾಗಿದ್ದು ಕಂಡುಬಂತು. ಆಸೆ ಇಪ್ಪತ್ತು ಕೆ.ಜಿ.ಯದಾಗಿದ್ದರೆ ನಾಲ್ಕು ಕೆ.ಜಿ. ಇಳಿದವರು ಸೋತೆವೆಂದು ಕೈಚೆಲ್ಲುತ್ತಾರೆ. ಗುರಿ ಐದಾಗಿದ್ದರೆ ಅದೇ ನಾಲ್ಕು ಇನ್ನೊಂದಕ್ಕೆ ಹುರುಪು ಕೊಡುತ್ತದೆ.

ಹೇಗೆ ನಡೆಸಿದರು ಎಂಬುದೂ ತಿಳಿಯಬೇಕಾದದ್ದೇ. ಪ್ರತಿಯೊಬ್ಬರಿಗೂ ಒಬ್ಬ ತರಬೇತುದಾರ. ಮೊದಲ 24 ವಾರಗಳಲ್ಲಿ ಎದುರು ಬದುರು ಕೂತು 16 ಪಾಠ. ಪ್ರತಿ ಭೇಟಿಯಲ್ಲೂ ತೂಕ. ತಿಂದದ್ದನ್ನು ತಾವೇ ಬರೆದಿಡಬೇಕು. ಮೊದಮೊದಲು ಕ್ಯಾಲೊರಿ ಗೀಲೊರಿ ಏನೂ ಇಲ್ಲ, ಕೊಬ್ಬು ಎಷ್ಟು ಗ್ರಾಂ ಎಂಬುದಷ್ಟೇ. ಅದರಲ್ಲಿ ಕೈ ಕುದುರಿದ ಮೇಲೆ, ಬೇಕಾದರೆ ಕ್ಯಾಲೊರಿ ಲೆಕ್ಕ. ಅಡುಗೆಮನೆಯನ್ನು ಒಂದೇ ಸಲಕ್ಕೆ ಬುಡಮೇಲು ಮಾಡುವ ಹುಮ್ಮಸ್ಸಿಗೆ ಅಲ್ಲಿ ಜಾಗವಿರಲಿಲ್ಲ.

ಇಷ್ಟೆಲ್ಲ ಮಾಡಿಯೂ ಎಲ್ಲರೂ ಗೆಲ್ಲಲಿಲ್ಲ. 24 ವಾರ ಮುಗಿದಾಗ ತೂಕದ ಗುರಿ ಮುಟ್ಟಿದವರು ನೂರಕ್ಕೆ 50. ಕೊನೆಯ ಭೇಟಿಯ ಹೊತ್ತಿಗೆ 38. ನಡಿಗೆಯ ಗುರಿ ಮುಟ್ಟಿದವರು ಮೊದಲಿಗೆ 74, ಕೊನೆಗೆ 58. ಅರ್ಧಕ್ಕರ್ಧ ಮಂದಿ ಗುರಿ ತಪ್ಪಿದ ಗುಂಪೇ ಮಾತ್ರೆಯನ್ನು ಸೋಲಿಸಿತು ಎಂಬುದು ನನಗಂತೂ ಸಮಾಧಾನದ ಸಂಗತಿ.

ಫಿನ್ಲೆಂಡ್‌ನ ಕಥೆ ಇದಕ್ಕಿಂತ ಒಂದು ವರ್ಷ ಮೊದಲೇ ಪ್ರಕಟವಾಗಿತ್ತು. ಅಲ್ಲಿ 522 ಮಂದಿ, ಐದು ಗುರಿ: ತೂಕ ಶೇ. 5 ಇಳಿಸುವುದು, ದಿನಕ್ಕೆ ಅರ್ಧ ಗಂಟೆ ದೇಹ ದಣಿಸುವುದು, ಉಳಿದ ಮೂರು ಊಟದ ಕೊಬ್ಬು ಮತ್ತು ನಾರಿನ ಅಳತೆ. ಅಪಾಯ ಇಳಿದದ್ದು ಅಲ್ಲೂ ಶೇ. 58. ಐದಕ್ಕೆ ಐದೂ ಗುರಿ ಮುಟ್ಟಿದವರಲ್ಲಿ, ಪರೀಕ್ಷೆ ನಡೆದಷ್ಟು ಕಾಲ, ಒಬ್ಬರಿಗೂ ಕಾಯಿಲೆ ಬರಲಿಲ್ಲ.

"ಕೈಲಾದಷ್ಟು ಮಾಡಿ" ಎಂಬ ಮಾತಿನ ಬೆಲೆ

ಅಂಕಿಯೊಂದು ಮುಂದಿದ್ದರೆ ಮನುಷ್ಯ ಬೇರೆ ಥರ ಕೆಲಸ ಮಾಡುತ್ತಾನೆ ಎಂಬುದನ್ನು ವೈದ್ಯರಿಗಿಂತ ಮೊದಲು ಕಂಡವರು ಕಾರ್ಖಾನೆಗಳನ್ನು ಅಭ್ಯಾಸ ಮಾಡಿದ ಮನೋವಿಜ್ಞಾನಿಗಳು. ಎಡ್ವಿನ್ ಲಾಕ್ 1968ರಲ್ಲಿ ಬರೆದ ಪ್ರಬಂಧದ ತಿರುಳು ಸರಳ: ಸ್ಪಷ್ಟವಾದ, ತುಸು ಕಷ್ಟವಾದ ಗುರಿ ಕೊಟ್ಟವರು, "ನಿಮ್ಮ ಕೈಲಾದಷ್ಟು ಮಾಡಿ" ಎನ್ನಿಸಿಕೊಂಡವರಿಗಿಂತ ಹೆಚ್ಚು ಮಾಡುತ್ತಾರೆ. ಇದು ಪ್ರಯೋಗಾಲಯದ ಮಾತಾಯಿತು. ಹೊರಗೆ ನಿಜವೇ?

ಗ್ಯಾರಿ ಲ್ಯಾಥಮ್ ಅದನ್ನು ಪರೀಕ್ಷಿಸಿದ್ದು ಅಮೆರಿಕದ ಒಕ್ಲಹೋಮಾದಲ್ಲಿ, ಕಾಡಿನಿಂದ ದಿಮ್ಮಿ ಸಾಗಿಸುವ ಲಾರಿಗಳ ಮೇಲೆ. ದಿಮ್ಮಿಗಳ ಗಾತ್ರ ಒಂದೊಂದೂ ಬೇರೆ. ಲಾರಿಗೆ ಎಷ್ಟು ಹೇರಬಹುದೆಂಬುದು ಡ್ರೈವರ್‌ನ ಕಣ್ಣಂದಾಜು. ಹೆಚ್ಚಾದರೆ ದಂಡ ಬೀಳುತ್ತದೆ ಎಂಬ ಹೆದರಿಕೆಗೆ ಅವರು ಕಾನೂನು ಒಪ್ಪುವ ತೂಕದ ನೂರಕ್ಕೆ ಅರುವತ್ತರಷ್ಟು ಹೇರಿ ಹೊರಟುಬಿಡುತ್ತಿದ್ದರು. "ಆದಷ್ಟು ತುಂಬಿಸಿ" ಎಂದು ಎಷ್ಟು ಹೇಳಿದರೂ ಅಷ್ಟೇ. ಆಗ ಒಂದು ಅಂಕಿ ಕೊಟ್ಟರು: ನೂರಕ್ಕೆ 94. ಮುಟ್ಟಿದರೆ ಬೋನಸ್ ಇಲ್ಲ, ಮುಟ್ಟದಿದ್ದರೆ ಶಿಕ್ಷೆಯೂ ಇಲ್ಲ.

ಮೊದಲ ತಿಂಗಳು ಹೊರೆ ಎಂಬತ್ತರ ಹತ್ತಿರ ಏರಿತು. ಎರಡನೆಯ ತಿಂಗಳು ಎಪ್ಪತ್ತಕ್ಕೆ ಕುಸಿಯಿತು. ಶಿಕ್ಷೆ ಇಲ್ಲ ಎಂಬ ಮಾತು ನಿಜವೋ ಎಂದು ಡ್ರೈವರ್‌ಗಳು ಪರೀಕ್ಷೆ ಮಾಡಿ ನೋಡುತ್ತಿದ್ದರು ಎಂದು ಸಂಶೋಧಕರು ಅಂದಾಜು ಮಾಡಿದರು. ನನಗೆ ಅದು ನಂಬುವಂಥದ್ದೆನಿಸುತ್ತದೆ, ಡ್ರೈವರ್‌ಗಳು ಎಲ್ಲೂ ಡ್ರೈವರ್‌ಗಳೇ. ಮೂರನೆಯ ತಿಂಗಳಿಂದ ತೊಂಬತ್ತರ ಸುಮಾರಿಗೆ ಹೋಗಿ ಅಲ್ಲೇ ನಿಂತಿತು. ಯಾರೂ ಹೇಳದೆಯೇ ಕೆಲವರು ಹೊರೆಯನ್ನು ಅಂದಾಜಿಸಲು ಅನುಕೂಲವಾಗುವಂತೆ ಲಾರಿಗೆ ಸಣ್ಣಪುಟ್ಟ ಮಾರ್ಪಾಡು ಮಾಡಿಕೊಂಡಿದ್ದರು. ಒಂಬತ್ತು ತಿಂಗಳಲ್ಲಿ ಕಂಪನಿಗೆ ಉಳಿದದ್ದು ಎರಡೂವರೆ ಲಕ್ಷ ಡಾಲರ್. 1975ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ನನಗೆ ಮುಖ್ಯವೆನಿಸುವುದು ಆ ಮಾರ್ಪಾಡುಗಳು. ಎಷ್ಟು ಎಂದು ಖಚಿತವಾದಾಗ, ಹೇಗೆ ಎಂಬುದನ್ನು ಮನಸ್ಸು ತಾನೇ ಹುಡುಕಿಕೊಳ್ಳುತ್ತದೆ.

ಎರಡನೆಯ ತಿಂಗಳ ಕುಸಿತವೂ ಮುಖ್ಯ. ನಮ್ಮ ಮನೆಗಳಲ್ಲಾದರೆ ಆ ತಿಂಗಳೇ ಯೋಜನೆ ಮುಗಿದುಹೋಗುತ್ತಿತ್ತು.

ಸಂಕಲ್ಪದ ವಿಳಾಸ

ಎಷ್ಟು ಎಂಬುದು ತೀರ್ಮಾನವಾದ ಮೇಲೆ ಯಾವಾಗ, ಎಲ್ಲಿ. ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ ತಮ್ಮ ವೃತ್ತಿಯ ಬಹುಭಾಗವನ್ನು ಈ ಒಂದು ಪ್ರಶ್ನೆಗೆ ಕೊಟ್ಟರು. ಅವರು ಕಂಡದ್ದು: ಮಾಡುತ್ತೇನೆ ಎಂದುಕೊಂಡವರಿಗಿಂತ, ಇಂಥ ಹೊತ್ತು ಬಂದಾಗ ಇಂಥ ಜಾಗದಲ್ಲಿ ಇದನ್ನು ಮಾಡುತ್ತೇನೆ ಎಂದು ಮೊದಲೇ ಗೊತ್ತುಮಾಡಿಕೊಂಡವರು ಬಹಳ ಹೆಚ್ಚು ಸಲ ಮಾಡಿ ಮುಗಿಸುತ್ತಾರೆ. 2002ರಲ್ಲಿ ಬ್ರಿಟನ್ನಿನ 248 ವಿದ್ಯಾರ್ಥಿಗಳ ಮೇಲೆ ನಡೆದ ಪರೀಕ್ಷೆ ಇದರ ಅತ್ಯಂತ ಹೆಸರಾದ ಉದಾಹರಣೆ. ಒಂದು ಗುಂಪಿಗೆ ಏನೂ ಹೇಳಲಿಲ್ಲ. ಎರಡನೆಯದಕ್ಕೆ ವ್ಯಾಯಾಮ ಮಾಡದಿದ್ದರೆ ಹೃದಯಕ್ಕಾಗುವ ಅಪಾಯವನ್ನು ಓದಿಸಿದರು. ಮೂರನೆಯದಕ್ಕೆ ಅದನ್ನೂ ಓದಿಸಿ, ಮುಂದಿನ ವಾರ ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ಇಪ್ಪತ್ತು ನಿಮಿಷ ವ್ಯಾಯಾಮ ಮಾಡುತ್ತೀರೆಂದು ಬರೆಸಿಕೊಂಡರು. ಮೊದಲ ಎರಡು ಗುಂಪುಗಳಲ್ಲಿ ಮಾಡಿದವರು ನೂರಕ್ಕೆ 35ರಿಂದ 38. ಮೂರನೆಯದರಲ್ಲಿ 91. ಹೆದರಿಸಿದ್ದರಿಂದ ಏನೂ ಆಗಲಿಲ್ಲ. ವಿಳಾಸ ಬರೆಸಿಕೊಂಡದ್ದರಿಂದ ಆಯಿತು.

ವಾರಕ್ಕೊಂದು ಸಲ, ಇಪ್ಪತ್ತು ನಿಮಿಷ, ಎಳೆ ವಯಸ್ಸಿನವರು: ಇದು ಸುಲಭದ ಪರೀಕ್ಷೆ ಎಂಬುದನ್ನು ಮರೆಯಬಾರದು. ವರ್ಷಗಟ್ಟಲೆ ಮಾಡಬೇಕಾದ ಕೆಲಸದಲ್ಲಿ ಇಷ್ಟು ದೊಡ್ಡ ಅಂತರ ಉಳಿಯುವುದಿಲ್ಲ. ಆದರೂ 94 ಅಧ್ಯಯನಗಳನ್ನು 2006ರಲ್ಲಿ ಒಟ್ಟಿಗೆ ತೂಗಿ ನೋಡಿದಾಗ ಪರಿಣಾಮ ಗಟ್ಟಿಯಾಗಿಯೇ ಇತ್ತು.

ಜರ್ಮನಿಯವರೆಗೆ ಹೋಗಬೇಕೇ ಎಂದು ನನಗೆ ಒಮ್ಮೊಮ್ಮೆ ಅನಿಸುತ್ತದೆ. ಪೂಜೆಗೆ ಕೂತವರ ಕೈಗೆ ಅಕ್ಷತೆ ನೀರು ಕೊಟ್ಟು ಪುರೋಹಿತರು ಸಂಕಲ್ಪ ಮಾಡಿಸುವುದನ್ನು ಗಮನವಿಟ್ಟು ಕೇಳಿ. ಯಾವ ಯುಗ, ಯಾವ ದ್ವೀಪ, ಗೋದಾವರಿಯ ಯಾವ ದಿಕ್ಕು. ಯಾವ ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ. ಮಾಡುವವರ ಗೋತ್ರವೇನು, ನಕ್ಷತ್ರವೇನು, ಹೆಸರೇನು. ಇಷ್ಟೂ ಆದ ಮೇಲೆ ಕಟ್ಟಕಡೆಗೆ ಏನು ಮಾಡಲಿದ್ದೇವೆ ಎಂಬುದು. ಅದೇ ಮನುಷ್ಯ ಆರೋಗ್ಯದ ವಿಷಯಕ್ಕೆ ಬಂದಾಗ "ಇನ್ಮೇಲೆ ವಾಕಿಂಗ್ ಹೋಗ್ಬೇಕು" ಎಂದು ದೇಶವೂ ಇಲ್ಲದ, ಕಾಲವೂ ಇಲ್ಲದ ಸಂಕಲ್ಪ ಮಾಡಿ ಏಳುತ್ತಾನೆ. ಸೋಮವಾರ, ಬುಧವಾರ, ಶುಕ್ರವಾರ, ಆಫೀಸಿನ ಬಸ್ಸಿಳಿದ ಕೂಡಲೇ, ಮನೆಯೊಳಗೆ ಕಾಲಿಡುವ ಮೊದಲು, ಕೆರೆ ಏರಿಯ ಮೇಲೆ ಮೂವತ್ತು ನಿಮಿಷ: ಹೀಗೆ ಹೇಳಿದರೆ ಸಂಕಲ್ಪಕ್ಕೆ ವಿಳಾಸ ಸಿಕ್ಕಂತೆ. ಮಳೆ ಬಂದರೆ? ಅದಕ್ಕೂ ಮೊದಲೇ ಉತ್ತರ ಬೇಕು: ಅಪಾರ್ಟ್‌ಮೆಂಟಿನ ಕೆಳಗಿನ ಪಾರ್ಕಿಂಗ್‌ನಲ್ಲಿ. ಮನೆಯೊಳಗೆ ಕಾಲಿಟ್ಟು ಸೋಫಾ ಮೇಲೆ ಕೂತ ಮೇಲೆ ತೀರ್ಮಾನ ಮಾಡಲು ಹೊರಟರೆ ಗೆಲ್ಲುವುದು ಸೋಫಾ.

ಮನೋಬಲ ಎನ್ನುವುದು ಒಳಗಿರುವ ಇಂಧನ, ಬಳಸಿದಷ್ಟೂ ಖರ್ಚಾಗುತ್ತದೆ ಎಂಬ ಸಿದ್ಧಾಂತವೊಂದು 1998ರಿಂದ ಬಹಳ ಚಾಲ್ತಿಯಲ್ಲಿತ್ತು. 2016ರಲ್ಲಿ 23 ಪ್ರಯೋಗಾಲಯಗಳು ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಕೂರಿಸಿ ಆ ಸಿದ್ಧಾಂತವನ್ನು ಮತ್ತೆ ಪರೀಕ್ಷಿಸಿದಾಗ ಪರಿಣಾಮ ಹೆಚ್ಚುಕಡಿಮೆ ಸೊನ್ನೆ. ಮನಸ್ಸು ಗಟ್ಟಿ ಇಲ್ಲ ಎಂದು ಬೈಯುವವರು ಯಾವುದನ್ನು ಅಳೆದು ಬೈಯುತ್ತಿದ್ದಾರೆ ಎಂಬುದೇ ಅನುಮಾನ.

ಚೆನ್ನೈನ ಪಾಠ

ಅಮೆರಿಕದ ಗುರಿಯನ್ನು ಹಾಗೆಯೇ ತಂದು ಇಲ್ಲಿ ನೆಟ್ಟರೆ ಚಿಗುರುವುದಿಲ್ಲ. ನಮ್ಮಲ್ಲಿ ನೋಡಲು ತೆಳ್ಳಗಿರುವವರಿಗೂ ಸಕ್ಕರೆ ಬರುತ್ತದೆ. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ 531 ಮಂದಿ ಇದ್ದರು, 35ರಿಂದ 55 ವರ್ಷದೊಳಗಿನವರು, ಅಮೆರಿಕದವರಷ್ಟು ದಪ್ಪವಿಲ್ಲದವರು. ಅವರಿಗೆ ಕೊಟ್ಟ ಗುರಿ ಇನ್ನೂ ಸಾದಾ: ದಿನಕ್ಕೆ ಅರ್ಧ ಗಂಟೆ ಬಿರುಸು ನಡಿಗೆ, ಸಕ್ಕರೆ, ಪಾಲಿಶ್ ಮಾಡಿದ ಅಕ್ಕಿ, ಮೈದಾ, ಎಣ್ಣೆ ಕಡಿಮೆ, ಕಾಳು ತರಕಾರಿ ಹೆಚ್ಚು.

ಇಲ್ಲಿ ಒಂದು ಜಾಣತನವಿತ್ತು. ಕೆಲಸಕ್ಕೆ ದಿನವೂ ಅರ್ಧ ಗಂಟೆಗಿಂತ ಹೆಚ್ಚು ನಡೆದೋ ಸೈಕಲ್ ತುಳಿದೋ ಹೋಗುವವರಿಗೆ, ಮೈಬಗ್ಗಿಸಿ ದುಡಿಯುವವರಿಗೆ ಹೊಸ ವ್ಯಾಯಾಮ ಹೇಳಲಿಲ್ಲ. ಇದ್ದದ್ದನ್ನು ಬಿಡಬೇಡಿ ಎಂದಷ್ಟೇ ಹೇಳಿದರು. ಕುರ್ಚಿಯ ಕೆಲಸದವರಿಗೆ ಮಾತ್ರ ನಡಿಗೆ. ಗುರಿ ಅವರವರ ದಿನದಿಂದ ಹುಟ್ಟಿತು.

ಮೂರು ವರ್ಷದಲ್ಲಿ ಬರಿಯ ಸಾಮಾನ್ಯ ಸಲಹೆ ಪಡೆದವರಲ್ಲಿ ಶೇ. 55 ಮಂದಿಗೆ ಕಾಯಿಲೆ ಬಂತು. ನಮ್ಮವರು ಎಷ್ಟು ಬೇಗ ಜಾರುತ್ತಾರೆ ನೋಡಿ. ದಿನಚರಿ ಬದಲಿಸಿದವರಲ್ಲಿ ಶೇ. 39.3. ಮೆಟ್‌ಫಾರ್ಮಿನ್ ಕೂಡ ಸರಿಸುಮಾರು ಅಷ್ಟೇ ತಡೆಯಿತು, ಎರಡನ್ನೂ ಸೇರಿಸಿದ್ದರಿಂದ ಹೆಚ್ಚುವರಿ ಲಾಭವಾಗಲಿಲ್ಲ. ಅಚ್ಚರಿಯೆಂದರೆ, ದಿನಚರಿ ಬದಲಿಸಿದವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲೇ ಇಲ್ಲ. ತೂಕದ ಯಂತ್ರವನ್ನೇ ದೇವರು ಮಾಡಿಕೊಂಡಿದ್ದರೆ ಇವರೆಲ್ಲ ಸೋತೆವೆಂದು ಮೂರನೇ ತಿಂಗಳಿಗೆ ಬಿಟ್ಟುಬಿಡುತ್ತಿದ್ದರೋ ಏನೋ. ಅಮೆರಿಕದಲ್ಲಿ ಸರಿಯಾದ ಅಳತೆ ತೂಕ. ಇಲ್ಲಿ ನಡೆದ ನಿಮಿಷ, ತಟ್ಟೆಗೆ ಬಿದ್ದ ಅನ್ನ. ಅನ್ನದ ಜಾಗಕ್ಕೆ ಮುದ್ದೆ ಬಂದರೆ ಎಲ್ಲ ಸರಿಹೋಯಿತು ಎನ್ನುವ ಹಳೇ ಮೈಸೂರಿನವರಿಗೆ ಒಂದು ಮಾತು: ಎರಡನೇ ಮುದ್ದೆಯೂ ಲೆಕ್ಕಕ್ಕೆ ಬರುತ್ತದೆ.

ಆ ಪರೀಕ್ಷೆಯಲ್ಲಿ ತರಬೇತುದಾರರ ದಂಡೇನೂ ಇರಲಿಲ್ಲ. ಆರು ತಿಂಗಳಿಗೊಮ್ಮೆ ಭೇಟಿ, ತಿಂಗಳಿಗೊಂದು ಫೋನ್. ಮುಂದೆ ಅದೇ ತಂಡ ಇನ್ನೂ ಅಗ್ಗದ ದಾರಿ ನೋಡಿತು. ದುಡಿಯುವ 537 ಗಂಡಸರಲ್ಲಿ ಒಂದು ಗುಂಪಿಗೆ ಎರಡು ವರ್ಷ ಮೊಬೈಲಿಗೆ ಮೆಸೇಜ್ ಕಳಿಸಿದರು. 2013ರಲ್ಲಿ ಪ್ರಕಟವಾದ ಫಲ: ಮೆಸೇಜ್ ಬಂದವರಲ್ಲಿ ಕಾಯಿಲೆಗೆ ಜಾರಿದವರು ಶೇ. 18, ಬಾರದವರಲ್ಲಿ ಶೇ. 27.

ಇಪ್ಪತ್ತೊಂದು ದಿನದ ಕಥೆ

ಸಭೆಗಳಲ್ಲಿ ಪ್ರೇರಣಾ ಭಾಷಣಕಾರರು ತಪ್ಪದೆ ಹೇಳುವ ಎರಡು ಕಥೆಗಳಿವೆ. ಒಂದು, ಯೇಲ್ ವಿಶ್ವವಿದ್ಯಾಲಯದ 1953ರ ತಂಡದಲ್ಲಿ ಗುರಿಯನ್ನು ಬರೆದಿಟ್ಟುಕೊಂಡ ಶೇ. 3 ಮಂದಿ ಇಪ್ಪತ್ತು ವರ್ಷದ ನಂತರ ಉಳಿದ ಶೇ. 97 ಮಂದಿಗಿಂತ ಹೆಚ್ಚು ಸಂಪಾದಿಸಿದ್ದರು ಎಂಬುದು. ಅಂಥ ಅಧ್ಯಯನ ನಡೆದೇ ಇಲ್ಲ. ಎರಡನೆಯದು, 21 ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂಬುದು. ಇದರ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಪುಸ್ತಕ. ಹೊಸ ಮುಖಕ್ಕೆ ಹೊಂದಿಕೊಳ್ಳಲು ರೋಗಿಗಳಿಗೆ ಕಡಿಮೆಯೆಂದರೂ ಸುಮಾರು 21 ದಿನ ಬೇಕಾಗುತ್ತದೆ ಎಂದು ಅವರು ಗಮನಿಸಿದ್ದರು. ಮೂಗು ಬದಲಾಯಿಸಿಕೊಂಡವರ ಲೆಕ್ಕ ವಾಕಿಂಗ್ ಹೋಗುವವರಿಗೆ ಹೇಗೋ ಅಂಟಿಕೊಂಡಿತು.

ನಿಜವಾಗಿ ಅಳೆದವರು ಲಂಡನ್ನಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು. 96 ಮಂದಿ ತಲಾ ಒಂದು ಸಣ್ಣ ಕೆಲಸ ಆರಿಸಿಕೊಂಡು 84 ದಿನ ಮಾಡಿದರು: ತಿಂಡಿಯಾದ ಮೇಲೆ ಒಂದು ಲೋಟ ನೀರು, ಊಟಕ್ಕೆ ಮೊದಲು ಓಟ, ಹೀಗೆ. ಯೋಚಿಸದೆ ತಾನಾಗಿ ಆಗುವ ಮಟ್ಟ ಮುಟ್ಟಲು ನಡುವಿನ ಅಂಕಿ 66 ದಿನ. ಬೇಗನೆಂದರೆ 18, ತಡವೆಂದರೆ 254. (84 ದಿನದ ಪರೀಕ್ಷೆಯಲ್ಲಿ 254 ಎಲ್ಲಿಂದ ಬಂತು ಎಂದರೆ, ಗ್ರಾಫಿನ ಗೆರೆಯನ್ನು ಮುಂದಕ್ಕೆಳೆದು ಹಾಕಿದ ಅಂದಾಜು.) ನೀರು ಕುಡಿಯುವುದು ಬೇಗ ರೂಢಿಯಾಯಿತು, ವ್ಯಾಯಾಮ ನಿಧಾನ. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವಾಗಲಿಲ್ಲ. 21ನೇ ದಿನವೂ ಬೆಳಿಗ್ಗೆ ಏಳಲು ಕಷ್ಟವಾಗುತ್ತಿದೆ ಎಂದು ನೊಂದುಕೊಂಡು ಬಿಟ್ಟವರು, ಒಂದು ಭಾನುವಾರ ತಪ್ಪಿತೆಂದು ವ್ರತಭಂಗವಾದವರಂತೆ ಕೈಬಿಟ್ಟವರು ಇದನ್ನು ಓದಬೇಕಿತ್ತು.

ಮಾಲೆ ತೆಗೆದ ಮರುದಿನ

ವ್ರತದ ಮಾತು ಬಂತು. ಬದಲಾವಣೆ ಎಷ್ಟು ಸಲೀಸು, ಅದು ಉಳಿಯುವುದು ಎಷ್ಟು ಕಷ್ಟ ಎಂಬುದನ್ನು ನೋಡಲು ಪ್ರತಿ ವರ್ಷ ನವೆಂಬರ್‌ನಿಂದ ಜನವರಿವರೆಗೆ ನಮ್ಮ ಬೀದಿಗಳೇ ಸಾಕು. ವರ್ಷವಿಡೀ ಕುಡಿತ ಬಿಡಲಾಗದವರು, ಹೆಂಡತಿ ಅತ್ತರೂ ಸಿಗರೇಟು ಇಳಿಸದವರು ಅಯ್ಯಪ್ಪನ ಮಾಲೆ ಹಾಕಿದ ಕ್ಷಣದಿಂದ 41 ದಿನ ಮುಟ್ಟುವುದಿಲ್ಲ. ಕೊರೆಯುವ ಚಳಿಯಲ್ಲಿ ತಣ್ಣೀರು ಸ್ನಾನ, ನೆಲದ ಮೇಲೆ ನಿದ್ದೆ, ಹೊತ್ತಿಗೆ ಸರಿಯಾಗಿ ಪೂಜೆ. ಅದೇ ಮನುಷ್ಯನಿಗೆ ಈ ಶಕ್ತಿ ಎಲ್ಲಿಂದ ಬಂತು?

ಒಳಗಿನಿಂದ ಬಂದದ್ದು ಸ್ವಲ್ಪ, ಹೆಚ್ಚಿನದು ಸುತ್ತಲಿಂದ. ಉಟ್ಟ ಕಪ್ಪು ಬಟ್ಟೆ ಬಾರಿನ ಬಾಗಿಲಲ್ಲೇ ತಡೆಯುತ್ತದೆ. ನಿನ್ನೆಯವರೆಗೆ "ಏನ್ ಮಗಾ" ಎನ್ನುತ್ತಿದ್ದ ಗೆಳೆಯರು ಇಂದು "ಸ್ವಾಮಿ" ಎನ್ನುತ್ತಾರೆ. ಸಂಜೆ ಹೋಗಲು ಬೇರೊಂದು ಜಾಗವಿದೆ, ಭಜನೆಯಲ್ಲಿ ಕಾಯುವವರಿದ್ದಾರೆ. ಮನೆಯ ಅಡುಗೆ ಬದಲಾಗಿದೆ. ಏನು ಮಾಡಬೇಕು, ಎಷ್ಟು ಹೊತ್ತಿಗೆ ಎಂಬುದರಲ್ಲಿ ಸಂಶಯಕ್ಕೆ ಎಡೆಯಿಲ್ಲ. ಬದಲಾವಣೆಗೆ ಬೇಕಾದದ್ದೆಲ್ಲ ಇಲ್ಲಿದೆ, ಒಂದನ್ನು ಬಿಟ್ಟು: 42ನೇ ದಿನದ ಯೋಚನೆ. ಯಾತ್ರೆ ಮುಗಿಸಿ ಮಾಲೆ ತೆಗೆದಾಗ ಬಟ್ಟೆ, ಕರೆಯುವ ರೀತಿ, ಸಂಜೆಯ ಜಾಗ ಎಲ್ಲವೂ ಒಂದೇ ದಿನಕ್ಕೆ ಹಳೆಯದಕ್ಕೆ ಮರಳುತ್ತವೆ. ಮರುದಿನ ಸಂಜೆ ಹಳೆಯ ಗೆಳೆಯರು ಫೋನ್ ಮಾಡುತ್ತಾರೆ. ಎಷ್ಟೋ ಮಂದಿಯ ಕುಡಿತ ಅಲ್ಲಿಗೇ ಶುರು. ಕೆಲವರು ಮಾತ್ರ ಪೂರ್ತಿ ಬಿಟ್ಟಿರುತ್ತಾರೆ. ಅಂಥವರನ್ನು ಕೇಳಿದರೆ ಸಾಮಾನ್ಯವಾಗಿ ಸಂಜೆಯ ಜಾಗ ಬದಲಾಗಿಯೇ ಉಳಿದಿರುತ್ತದೆ, ಭಜನೆಯೋ, ವಾಲಿಬಾಲೋ, ಅಂಗಡಿಯೋ.

ಅಮೆರಿಕದ ಪರೀಕ್ಷೆಗೂ ಇದೇ ಆಯಿತು. ಗುರಿಯ ಗುಂಪಿನವರು ಮೊದಲ ವರ್ಷ ಇಳಿಸಿದ್ದು ಸುಮಾರು 7 ಕೆ.ಜಿ. ಹತ್ತು ವರ್ಷ ಕಳೆಯುವಷ್ಟರಲ್ಲಿ ಅದರ ಬಹುಪಾಲು ಹಿಂದಿರುಗಿತ್ತು. ಸೋಲೆಂದು ಬರೆದುಬಿಡಬಹುದಿತ್ತು. ಆದರೆ 2009ರಲ್ಲಿ ಹತ್ತು ವರ್ಷದ ಲೆಕ್ಕ ತೆಗೆದಾಗ ಅವರಲ್ಲಿ ಕಾಯಿಲೆಯ ಪ್ರಮಾಣ ಇನ್ನೂ ಶೇ. 34 ಕಡಿಮೆಯೇ ಇತ್ತು. ಚೀನಾದ ಡಾಚಿಂಗ್ ಎಂಬ ಎಣ್ಣೆಬಾವಿಗಳ ನಗರದಲ್ಲಿ 1986ರಲ್ಲಿ 577 ಮಂದಿಯ ಮೇಲೆ ಶುರುವಾದ ಪರೀಕ್ಷೆ ನಡೆದದ್ದು ಆರೇ ವರ್ಷ. ಮೂವತ್ತು ವರ್ಷದ ನಂತರ ನೋಡಿದರೆ, ಊಟ ಮತ್ತು ವ್ಯಾಯಾಮ ಬದಲಿಸಿಕೊಂಡವರಿಗೆ ಸಕ್ಕರೆ ಕಾಯಿಲೆ ಸರಾಸರಿ ನಾಲ್ಕು ವರ್ಷ ತಡವಾಗಿ ಬಂದಿತ್ತು. ಹೃದಯ ಮತ್ತು ರಕ್ತನಾಳದ ತೊಂದರೆಗಳು ಶೇ. 26 ಕಡಿಮೆ. ನಾಲ್ಕು ವರ್ಷ ತಡ ಎಂಬುದನ್ನು ಯಾವ ಭಾಷಣಕಾರನೂ ಗೆಲುವೆಂದು ಸಾರಲಾರ. ಮಗಳ ಮದುವೆಗೆ ಮೊದಲು ಕಣ್ಣು ಮಂಜಾಗುವುದಕ್ಕೂ ಆಮೇಲೆ ಆಗುವುದಕ್ಕೂ ಇರುವ ಅಂತರ ಅನುಭವಿಸಿದವರಿಗೆ ಗೊತ್ತು.

ಅಂಕಿ ಹಿಡಿದು ಹೊರಟವರು ಅಂಕಿಗೇ ಮೋಸ ಮಾಡುವುದೂ ಉಂಟು. ರಕ್ತಪರೀಕ್ಷೆಗೆ ಮೂರು ದಿನ ಮೊದಲು ಅನ್ನ ಬಿಟ್ಟು, ಒಳ್ಳೆಯ ರಿಪೋರ್ಟ್ ಪಡೆದು, ಅದೇ ಸಂಜೆ ಮೈಸೂರು ಪಾಕು ತಿನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಇಂಥವರನ್ನೂ ಹಿಡಿಯುತ್ತದೆ. ದಿನಕ್ಕೆ 10,000 ಹೆಜ್ಜೆ ಮುಟ್ಟಲೇಬೇಕೆಂದು ರಾತ್ರಿ ಹನ್ನೊಂದಕ್ಕೆ ಹಾಲ್‌ನಲ್ಲಿ ಸುತ್ತುವವರೂ ಇದ್ದಾರೆ. ಆ ಅಂಕಿ ಹುಟ್ಟಿದ್ದು ವಿಜ್ಞಾನದಿಂದಲ್ಲ, 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ.

ಇದಕ್ಕಿಂತ ನನ್ನನ್ನು ಕಾಡುವುದು ಬೇರೆ. ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಹೊತ್ತು ಹೊಲಿಗೆ ಯಂತ್ರದ ಮುಂದೆ ಕೂರುವ ಗಾರ್ಮೆಂಟ್ಸ್ ಹೆಂಗಸಿಗೆ, ಬೆಳಗಿನ ನಾಲ್ಕಕ್ಕೆ ಶಿಫ್ಟ್ ಮುಗಿಸಿ ಬರುವ ಹುಡುಗನಿಗೆ, ಕೆರೆ ಏರಿ ಇರಲಿ, ಫುಟ್‌ಪಾತೂ ಇಲ್ಲದ ಬಡಾವಣೆಯವರಿಗೆ ವಾರದ 150 ನಿಮಿಷ ಎಲ್ಲಿಂದ ಬರಬೇಕು? ಬಸ್ ಸ್ಟಾಪಿನಿಂದ ಕಾರ್ಖಾನೆಗೆ ನಡೆಯುವ ಹತ್ತು ನಿಮಿಷ ಆಕೆಯ ಲೆಕ್ಕಕ್ಕೆ ಸೇರಬೇಕು. ಚೆನ್ನೈನವರು ಮಾಡಿದ್ದು ಅದನ್ನೇ.

ಐಸಿಎಂಆರ್ ಬೆಂಬಲದ ಸಮೀಕ್ಷೆ 2023ರಲ್ಲಿ ಕೊಟ್ಟ ಅಂದಾಜಿನಂತೆ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ, ಬಾರ್ಡರ್‌ನಲ್ಲಿರುವವರು 13.6 ಕೋಟಿ. ಇಷ್ಟು ಮಂದಿಗೆ ತಲಾ ಒಬ್ಬ ತರಬೇತುದಾರ ಸಿಗುವ ಮಾತಿಲ್ಲ. ನಮ್ಮಲ್ಲಿ 30 ದಾಟಿದವರ ಬಿಪಿ, ಶುಗರ್ ಪರೀಕ್ಷೆಯನ್ನು ಗೃಹ ಆರೋಗ್ಯ ಯೋಜನೆ ಮನೆಬಾಗಿಲಿಗೇ ತಂದಿದೆ. ಕಂಡುಹಿಡಿಯುವ ಕೆಲಸ ಸುಲಭವಾಗಿದೆ. ಕಂಡುಹಿಡಿದ ಮೇಲೆ ತಿಂಗಳಿಗೊಮ್ಮೆ ಫೋನ್ ಮಾಡಿ ಕೇಳುವ ಕೆಲಸವನ್ನೂ ಯಾರದಾದರೂ ಹೆಸರಿಗೆ ಬರೆಯಬೇಕು. ಅದಾಗುವವರೆಗೆ ಮಗಳೋ, ತಮ್ಮನೋ, ಪಕ್ಕದ ಮನೆಯ ವಾಕಿಂಗ್ ಜೊತೆಗಾರರೋ ಆ ಕೆಲಸ ಹಿಡಿಯಬಹುದು. ಕೇಳುವಾಗ ಒಂದು ಎಚ್ಚರ ಸಾಕು. "ವಾಕಿಂಗ್ ಹೋಗ್ತಿದ್ದೀರಾ ಅಪ್ಪಾ?" ಎಂದರೆ "ಹ್ಞೂಂ" ಎಂಬ ಉತ್ತರ ಬರುತ್ತದೆ. "ಈ ವಾರ ಎಷ್ಟು ನಿಮಿಷ ಆಯ್ತು?" ಎಂದು ಕೇಳಿದರೆ ಅಪ್ಪ ಲೆಕ್ಕ ಹಾಕಬೇಕಾಗುತ್ತದೆ.